ದೂರಕ್ಕೂ ಹತ್ತಿರಕ್ಕೂ ಒಂದೇ ಭಿಂಗ

ಆರಿಸಿಕೊಳ್ಳುವ ವಿದ್ಯೆ ನನಗೆ ಕೊನೆಗೂ ಒಲಿಯಲಿಲ್ಲ. ಗೋಕಾಕದ ಸಂತೆಯಲ್ಲಿ ನಾನು ಬದನೆಕಾಯಿ ಕೊಳ್ಳಲು ಕುಕ್ಕರಗಾಲಲ್ಲಿ ಕೂತೆನೆಂದರೆ, ಮಾರುವ ಮುದುಕಿ ಬುಟ್ಟಿಯನ್ನು ನನಗೊಪ್ಪಿಸಿ, ಪಕ್ಕದವಳೊಡನೆ ಎಲೆಯಡಿಕೆ ಹಾಕಿಕೊಂಡು, ಸೊಸೆಯ ಮೇಲಿನ ದೂರನ್ನೆಲ್ಲ ಹೇಳಿ ಮುಗಿಸಿ ಬರುತ್ತಾಳೆ. ಆಗಲೂ ನಾನು ಒಂದು ಕಾಯಿಯ ತೊಟ್ಟು ಹಿಡಿದು ಬೆಳಕಿಗೆ ತಿರುಗಿಸುತ್ತಿರುತ್ತೇನೆ. ಹಾಗೆ ಆರಿಸಿ ತಂದದ್ದನ್ನು ಮನೆಯಲ್ಲಿ ಹೆಚ್ಚಿದರೆ ಒಳಗೆ ಹುಳ. ನನ್ನ ಪಾಲಿಗೆ ಬಂದ ಒಳ್ಳೆಯದೆಲ್ಲ ಬೇರೆಯವರು ಆರಿಸಿದ್ದು. ಕೊಣ್ಣೂರ ಸಾಲೆಯ ಚಿತ್ರಕಲಾ ಮಾಸ್ತರಿಕೆಯನ್ನು ಅಪ್ಪ ಆರಿಸಿದ. ಮೂಡಲಗಿಯ ಸುಶೀಲೆಯನ್ನು ಅವ್ವ ಆರಿಸಿದಳು. ಕ್ಯಾಮೆರಾವನ್ನು ಮಾತ್ರ ಯಾರೂ ಆರಿಸಲಿಲ್ಲ. ಮಿಲಿಟರಿಯಲ್ಲಿದ್ದ ಸೋದರಮಾವ ಯುದ್ಧ ಮುಗಿಸಿ ಇಟಲಿಯಿಂದ ಬರುವಾಗ ಅದನ್ನು ತಂದಿದ್ದ. ಅದರಲ್ಲಿ ಒಂದೂ ಫೋಟೋ ನೆಟ್ಟಗೆ ಬಾರದೆ ಬೇಸತ್ತು, ನನ್ನ ಮದುವೆಯಲ್ಲಿ ಉಡುಗೊರೆಯೆಂದು ಕೊಟ್ಟು ಕೈ ತೊಳೆದುಕೊಂಡ.

ಅದು ತಲೆ ತಗ್ಗಿಸಿ ನೋಡುವ ಜಾತಿಯ ಜರ್ಮನ್ ಕ್ಯಾಮೆರಾ. ಹೊಟ್ಟೆಯ ಬಳಿ ಹಿಡಿದು, ನೆತ್ತಿಯ ಮುಚ್ಚಳ ತೆರೆದು, ಬಾವಿಗೆ ಇಣುಕಿದಂತೆ ಇಣುಕಬೇಕು. ಒಳಗಿನ ಮಬ್ಬುಗಾಜಿನ ಮೇಲೆ ಜಗತ್ತು ಕಾಣುತ್ತದೆ, ಆದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಬೇಕಾದರೆ ಎಬ್ಬಿಸಿಕೊಳ್ಳಲು ಒಂದು ಪುಟ್ಟ ಭೂತಗನ್ನಡಿಯೂ ಇದೆ. ಮದುವೆಯ ಹೊಸದರಲ್ಲಿ ಸುಶೀಲೆಯನ್ನು ಗೋಡೆಗೆ ನಿಲ್ಲಿಸಿ ಫೋಟೋ ತೆಗೆಯಹೋದೆ. ಗಾಜಿನಲ್ಲಿ ಅವಳು ಎಡಕ್ಕೆ ಕಂಡಳು; ಹಿಡಿಯೋಣವೆಂದು ನಾನು ಎಡಕ್ಕೆ ಸರಿದೆ. ಅವಳು ಇನ್ನಷ್ಟು ಎಡಕ್ಕೆ ಹೋದಳು, ನಾನೂ ಬಿಡದೆ ಸರಿದೆ. ಕೊನೆಗೆ ಅವಳು ನಿಂತಲ್ಲೇ ನಿಂತಿದ್ದಳು, ನಾನು ಗಟಾರದಲ್ಲಿದ್ದೆ. ನಾನು ಧೋತರ ಹಿಂಡಲು ಕೊಟ್ಟಾಗ ಅವಳು, ಚಿತ್ರದ ಮಾಸ್ತರಿಗೆ ಎಡ ಬಲ ಯಾರೂ ಕಲಿಸಲಿಲ್ಲವೇ ಎಂದು ಮೆಲ್ಲಗೆ ಕೇಳಿದ್ದಳು.

ಮಗಳು ಶಾಂತಾಗೆ ನಾಲ್ಕು ತುಂಬುವಾಗ ಸುಶೀಲೆಗೆ ಕೆಮ್ಮು ಹತ್ತಿತು. ಮೊದಲು ಹತ್ತಿಗಿರಣಿಯ ಧೂಳು ಎಂದೆವು, ಆಮೇಲೆ ಚಳಿ ಎಂದೆವು. ಹೆಸರು ಹೇಳದಿದ್ದರೆ ರೋಗ ಬಾರದೇನೋ ಎಂಬಂತೆ ಮೂರನೆಯ ಹೆಸರನ್ನು ಯಾರೂ ಎತ್ತಲಿಲ್ಲ. ಡಾಕ್ಟರು ಎತ್ತಿದರು. ಹುಕ್ಕೇರಿಯ ಊರ ಹೊರಗೆ, ಬೇವಿನ ಗಿಡಗಳ ನಡುವೆ, ಕ್ಷಯದವರಿಗೆಂದು ಒಂದು ಸಣ್ಣ ದವಾಖಾನೆ ಇತ್ತು. ಅವಳನ್ನು ಅಲ್ಲಿ ಸೇರಿಸಿದೆವು. ಅಲ್ಲಿಯ ಕಾನೂನು ಕಟ್ಟುನಿಟ್ಟು. ಹೆಂಗಸರ ವಾರ್ಡಿನೊಳಗೆ ಗಂಡಸರು ಕಾಲಿಡುವಂತಿಲ್ಲ, ಮಕ್ಕಳಂತೂ ಬೇಲಿಯನ್ನೇ ದಾಟುವಂತಿಲ್ಲ. ರವಿವಾರ ರೋಗಿಗಳು ವರಾಂಡಕ್ಕೆ ಬಂದು ನಿಲ್ಲುತ್ತಾರೆ, ನಾವು ಬೇಲಿಯ ಈಚೆ ನಿಲ್ಲುತ್ತೇವೆ. ನಡುವೆ ದೊಡ್ಡ ಅಂಗಳ. ಕೂಗಿದರೆ ಕೇಳೀತು, ಮಾತಾಡಿದರೆ ಕೇಳದು. ಗಂಡಹೆಂಡಿರು ಕೂಗಿ ಹೇಳುವಂಥ ಮಾತು ಎಷ್ಟಿದ್ದಾವು? "ಉಂಡ್ರೀ?" ಎಂದು ಅವಳು ಕೂಗುವಳು. "ಹೂಂ, ನೀ?" ಎಂದು ನಾನು. ಆಮೇಲೆ ಕೈ ಬೀಸುವುದು. ಒಳಗೆ ಹೋಗಿಬರುತ್ತಿದ್ದವರು ನನ್ನ ಅತ್ತೆ ಒಬ್ಬರೇ. ಮೂಡಲಗಿಯಿಂದ ಬಸ್ಸಿನಲ್ಲಿ ಬಂದು, ಮಗಳ ಬಳಿ ಕೂತು, ಹೊರಗೆ ಬಂದು ಪ್ರತಿ ಸಲವೂ ಒಂದೇ ವರದಿ ಒಪ್ಪಿಸುತ್ತಿದ್ದರು: ಸುಶೀಲಾ ಚಲೋ ಆಗುತ್ತಿದ್ದಾಳೆ, ಮೈ ಹಿಡಿಯುತ್ತಿದೆ, ಸೆರಗು ಸಾಲದಾಗಿದೆ.

ನಿಜವೇ ಇತ್ತು. ಬೇಲಿಯಿಂದ ನೋಡಿದರೆ ಅವಳು ವಾರದಿಂದ ವಾರಕ್ಕೆ ತುಂಬಿಕೊಳ್ಳುತ್ತಿದ್ದಳು.

ಅತ್ತೆಯ ಕೈಲಿ ಅವಳು ಒಂದು ಬೇಡಿಕೆ ಕಳಿಸಿದಳು. ಶಾಂತಾಳ ಫೋಟೋ ಬೇಕು. ನಕ್ಕರೆ ಹಲ್ಲು ಕಾಣಬೇಕು, ಅಷ್ಟು ಹತ್ತಿರದ್ದು. ಇತ್ತ ಮನೆಯಲ್ಲಿ ಶಾಂತಾ ಅವ್ವನ ಫೋಟೋ ತಲೆದಿಂಬಿನ ಬಳಿ ಬೇಕೆಂದು ಹಟ ಹಿಡಿದಳು. ಬೇಲಿಯಿಂದ ತೆಗೆದರೆ ನನ್ನ ಕ್ಯಾಮೆರಾದಲ್ಲಿ ಬೇವಿನ ಗಿಡ ಬಂತು, ಅಂಗಳ ಬಂತು, ಅಂಗಳದಲ್ಲಿ ಮಲಗಿದ ನಾಯಿ ಬಂತು, ಅವ್ವ ಸಾಸಿವೆಕಾಳಿನಷ್ಟು ಬಂದಳು. ಶಾಂತಾ ಅದನ್ನು ನೋಡಿ ನಾಯಿಯ ಹೆಸರು ಕೇಳಿದಳು.

ಹೀಗೆ ನಾನು ಲೆನ್ಸ್ ಆರಿಸುವ ಕೆಲಸಕ್ಕೆ ಬಿದ್ದೆ. ಗೋಕಾಕದಲ್ಲಿ ಇದಕ್ಕೆ ಗುರುವೆಂದರೆ ಸ್ಟುಡಿಯೋ ಬಾಬುರಾವ್. ಹತ್ತಿರಕ್ಕೊಂದು, ದೂರಕ್ಕೊಂದು, ಹೀಗೆ ಎರಡು ಲೆನ್ಸ್ ಇಟ್ಟುಕೊಳ್ಳುವುದು ಸಂಸಾರಸ್ಥರ ಲಕ್ಷಣ ಎಂದು ಅವನು ತನ್ನದೊಂದು ಉದ್ದನೆಯ ಲೆನ್ಸನ್ನು ಎರವಲು ಕೊಟ್ಟ. ಮುಂದಿನ ರವಿವಾರ ಬೇಲಿಯ ಬಳಿ ಶಾಂತಾಳ ಫೋಟೋ ತೆಗೆದು, ಚಿಕ್ಕ ಲೆನ್ಸ್ ಕಳಚಿ ಬಾಯಲ್ಲಿ ಕಚ್ಚಿಕೊಂಡು, ಉದ್ದನೆಯದನ್ನು ಕೂರಿಸಿ ತಿರುವುವಷ್ಟರಲ್ಲಿ ಮಗಳು ಬೇಲಿಯ ಕಿಂಡಿಯಲ್ಲಿ ಅರ್ಧ ತೂರಿದ್ದಳು. ಅವಳ ಕಾಲು ಹಿಡಿದೆಳೆದು ತಲೆಯೆತ್ತಿದರೆ ಗಂಟೆ ಬಾರಿಸಿ ರೋಗಿಗಳನ್ನು ಒಳಗೆ ಕರೆದಾಗಿತ್ತು. ಖಾಲಿ ವರಾಂಡದ ಒಂದು ಫೋಟೋ ಸೊಗಸಾಗಿ ಬಂದಿದೆ.

ಆಗ ಬಾಬುರಾವ್ ತುಸು ಅಳುಕುತ್ತಲೇ ಝೂಮ್ ಲೆನ್ಸಿನ ಸುದ್ದಿ ಹೇಳಿದ. ಒಂದೇ ಕೊಳವೆ, ಹಿಂದೆ ಸರಿಸಿದರೆ ಅಗಲ, ಮುಂದಕ್ಕೆ ಎಳೆದರೆ ದೂರದ್ದು ಹತ್ತಿರ, ಕಳಚುವ ರಗಳೆಯಿಲ್ಲ. ಈಚೆಗಷ್ಟೇ ಹೊರಟಿದೆ, ಮುಂಬೈಯಲ್ಲಿ ಸಿಗುತ್ತದೆ. ಆದರೆ ಅವನ ಮನಸ್ಸು ಒಪ್ಪಿರಲಿಲ್ಲ. "ಮಾಸ್ತರ, ಎಲ್ಲಾ ಕೆಲಸಾ ಮಾಡ್ತೇನಿ ಅನ್ನಾವ ಒಂದೂ ನೆಟ್ಟಗ ಮಾಡೂದಿಲ್ಲ. ಮನಷ್ಯಾರೂ ಅಷ್ಟ, ಲೆನ್ಸೂ ಅಷ್ಟ," ಎಂದ. ಅದು ಕಲ್ಲಿನಷ್ಟು ಭಾರ, ಅಂಚಿನಲ್ಲಿ ಚಿತ್ರ ಮೆತ್ತಗಾಗುತ್ತದೆ, ಮೋಡವಿದ್ದರೆ ಒಳಗೆ ಕತ್ತಲೆ ಎಂದು ದೋಷಗಳ ಪಟ್ಟಿ ಕೊಟ್ಟ. ಅವನ ಪಟ್ಟಿ ಕೇಳಿ ಒಂದು ವಾರ ಬೇಡವೆಂದೆ, ಬೇಲಿಯ ಬಳಿ ನಿಂತು ಬಂದ ವಾರ ಬೇಕೆಂದೆ. ಹೀಗೆ ಮಳೆಗಾಲ ಕಳೆಯಿತು. ಬಾಬುರಾವನಿಗೆ ಸಾಕಾಗಿ, ನನ್ನನ್ನು ಕಂಡರೆ ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳತೊಡಗಿದ.

ಕೊನೆಗೆ ಆರಿಸಿದವರು ಎಂದಿನಂತೆ ಬೇರೆಯವರೇ. ಹುಕ್ಕೇರಿಯಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಪಾಯಪ್ಪ ಕಾಕಾ ಮಾಲು ತರಲು ಮುಂಬೈಗೆ ಹೋಗಿಬರುತ್ತಿದ್ದರು. ರವಿವಾರಗಳಂದು ಶಾಂತಾಗೆ ಹಾಲು ಕೊಡುತ್ತಿದ್ದ ಮನೆ ಅವರದು. ಲೆನ್ಸಿಗೆ ಅವರು ಮರಾಠಿಯ ಹಾಗೆ ಭಿಂಗ ಎನ್ನುತ್ತಿದ್ದರು. ನನ್ನ ಇಬ್ಬಂದಿಯನ್ನೆಲ್ಲ ಸಮಾಧಾನದಿಂದ ಕೇಳಿ, "ನಿಮಗ ದೂರದ್ದೂ ಕಾಣಬೇಕು, ಹತ್ತರದ್ದೂ ಕಾಣಬೇಕು, ಹೌದಿಲ್ರಿ? ಹಂಗಾರ ಎರಡಕ್ಕೂ ಆಗೂ ಭಿಂಗಾ ತರ್ತೇನಿ," ಎಂದರು. ಕ್ಯಾಮೆರಾವನ್ನೇ ಕೇಳಿ ತೆಗೆದುಕೊಂಡು ಹೋದರು. ಹಳೆಯ ಕ್ಯಾಮೆರಾ, ಅದರ ಬಾಯಿ ಒಂದು ಅಳತೆ, ಹೊಸ ಲೆನ್ಸಿನದು ಇನ್ನೊಂದು. ಸೀರೆಗೆ ಜಂಪರಿನ ಬಣ್ಣ ಹೊಂದಿಸುವ ತಾಳ್ಮೆಯಲ್ಲಿ ಅವರು ಅಂಗಡಿ ಅಂಗಡಿ ತಿರುಗಿ, ನಡುವೆ ಕೂರಿಸುವ ಹಿತ್ತಾಳೆಯ ಬಳೆಯೊಂದನ್ನು ಹುಡುಕಿಸಿ, ಕೂಡಿಸಿಯೇ ತಂದರು. ಅದರ ದುಡ್ಡು ಕೊಡಲು ನಾನು ಮನೆಯಲ್ಲಿ ಬಾರಿಸುತ್ತಿದ್ದ ಹಾರ್ಮೋನಿಯಂ ಮಾರಿದೆ. ನೆರೆಹೊರೆಯವರು ಸಂತೋಷಪಟ್ಟರು.

ಆ ರವಿವಾರ ಬಿಸಿಲು ಚೊಕ್ಕಟವಾಗಿತ್ತು. ಸುಶೀಲಾ ವರಾಂಡಕ್ಕೆ ಬಂದು ಕೈ ಬೀಸಿದಳು. ಕೆನ್ನೆ ದುಂಡಗೆ, ಮೈತುಂಬ ಸೀರೆ, ಮೇಲೊಂದು ಉಣ್ಣೆಯ ಅಂಗಿ. ಶಾಂತಾ ತನ್ನ ಹೊಸ ಲಂಗ ಹಿಡಿದು ಗಿರಗಿರನೆ ಸುತ್ತಿ ತೋರಿಸಿದಳು. ನಾನು ತಲೆ ತಗ್ಗಿಸಿ, ಭೂತಗನ್ನಡಿ ಎಬ್ಬಿಸಿ, ಕೊಳವೆಯನ್ನು ಮುಂದಕ್ಕೆ ಎಳೆದೆ. ಮಬ್ಬುಗಾಜಿನೊಳಗೆ ಅವಳು ತೇಲುತ್ತ ತೇಲುತ್ತ ನನ್ನ ಹತ್ತಿರ ಬಂದಳು. ಎಷ್ಟೋ ತಿಂಗಳ ಮೇಲೆ ಹೆಂಡತಿಯ ಮುಖ ನೋಡುತ್ತಿದ್ದೆ. ಮೂಗುಬೊಟ್ಟು ಹೊಳೆಯಿತು. ಬೀಸುತ್ತಿದ್ದ ಕೈಯಲ್ಲಿ ಬಳೆಗಳು ಮೊಣಕೈವರೆಗೆ ಜಾರಿದ್ದವು. ಬಳೆಗಳು ಮೊಣಕೈವರೆಗೆ ಜಾರಿದ್ದವು. ಅಷ್ಟರಲ್ಲಿ ಅತ್ತೆ ಹೊರಗೆ ಬಂದರೆಂದು ಶಾಂತಾ ಆ ಕಡೆ ಓಡಿದಳು. ನಾನು ಬಗ್ಗಿ ಕ್ಯಾಮೆರಾದೊಳಗೆ ನೋಡುತ್ತಿದ್ದೆನಾದ್ದರಿಂದ ಯಾರೂ ನೋಡುತ್ತಿಲ್ಲವೆಂದು ಸುಶೀಲಾ ತಿಳಿದಳೇನೋ, ಕಂಬಕ್ಕೆ ಒರಗಿದಳು. ಬಾಯಿಗೆ ಬೆರಳು ಹಾಕಿ ಒಂದು ಕೆನ್ನೆಯಿಂದ ಹತ್ತಿಯ ಉಂಡೆ ತೆಗೆದಳು, ಇನ್ನೊಂದು ಕೆನ್ನೆಯಿಂದ ಇನ್ನೊಂದು. ಮುಖ ಒಮ್ಮೆಲೆ ಒಳಗೆ ಹೋಯಿತು. ಕೆಮ್ಮುವಾಗ ಸೆರಗು ಸರಿದು ಕೆಳಗೆ ಇನ್ನೊಂದು ಸೀರೆಯ ಅಂಚು ಕಂಡಿತು. ಒಂದರ ಮೇಲೊಂದು ಎರಡು ಸೀರೆ ಉಟ್ಟು ನನಗಾಗಿ ದಪ್ಪಗಾಗಿದ್ದಳು.

ಶಾಂತಾ ಅಜ್ಜಿಯ ಕೈಹಿಡಿದು ಮರಳಿದಳು. ವರಾಂಡದಲ್ಲಿ ಸುಶೀಲಾ ಅವಸರದಿಂದ ಆ ಕಡೆ ತಿರುಗಿ, ಮತ್ತೆ ಈ ಕಡೆ ತಿರುಗಿದಾಗ ಕೆನ್ನೆಗಳು ದುಂಡಗಿದ್ದವು. ನಾನು ಕೊಳವೆಯನ್ನು ಹಿಂದಕ್ಕೆ ಸರಿಸಿದೆ. ಬೇವಿನ ಗಿಡ ಬಂತು, ಅಂಗಳ ಬಂತು, ನಾಯಿ ಬಂತು. ಅವಳು ದೂರದಲ್ಲಿ, ಗುಂಡುಗುಂಡಗೆ, ನಗುತ್ತ ನಿಂತಳು. ಗುಂಡಿ ಒತ್ತಿದೆ.

ಬಸ್ಸಿಗೆ ಕಾಯುವಾಗ ಅತ್ತೆಯನ್ನು ಕೇಳಿದೆ. "ಅತ್ತಿ, ಆಕಿ ಖರೇನ ಮೈ ಹಿಡದಾಳೇನ್ರಿ?"

ಅವರು ರಸ್ತೆಯ ಕಡೆ ಮುಖ ತಿರುಗಿಸಿದರು. "ನಿಮ್ಮ ಹೊಸಾ ಭಿಂಗಾ ಏನ ಹೇಳ್ತೈತ್ರಿ?"

"ದಪ್ಪ ಆಗ್ಯಾಳ ಅಂತೈತ್ರಿ."

"ಹಂಗಾರ ಹಂಗ ಇರ್ಲಿ ಬಿಡ್ರಿ," ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡು, ಶಾಂತಾಳನ್ನು ತೊಡೆಯ ಮೇಲೆ ಎಳೆದುಕೊಂಡರು.

ಅಂದಿನಿಂದ ಲೆನ್ಸಿನ ಉದ್ದದ ತುದಿ ಮಗಳಿಗೆ, ಅಗಲದ ತುದಿ ಹೆಂಡತಿಗೆ. ಶಾಂತಾಳ ಹಲ್ಲು, ಮೂಗಿನ ಮೇಲಿನ ಬೆವರು, ಕಾಡಿಗೆ ಸೋರಿದ ಕಣ್ಣು, ಎಲ್ಲವನ್ನೂ ದೊಡ್ಡದಾಗಿ ತೆಗೆದು ಒಳಗೆ ಕಳಿಸಿದೆ. ಸುಶೀಲಾ ಅವನ್ನು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿಕೊಂಡು, ಹೊಸ ನರ್ಸು ಬಂದರೆ ಪರಿಚಯ ಮಾಡಿಕೊಡುತ್ತಿದ್ದಳಂತೆ. ಆ ಹೊತ್ತಿಗೆ ಇಂಜೆಕ್ಷನ್ನುಗಳು ಬಂದಿದ್ದವು, ಎಷ್ಟೋ ಜನ ಅಲ್ಲಿಂದ ನಡೆದುಕೊಂಡೇ ಮನೆಗೆ ಹೋದರು. ಅವಳಿಗೆ ಅವು ಹತ್ತಲಿಲ್ಲ.

ಒಂದು ದಿನ ಡಾಕ್ಟರು ತಾವಾಗಿಯೇ ನನ್ನನ್ನು ಒಳಗೆ ಕರೆದರು. ಕಾನೂನು ಯಾವಾಗ ಸಡಿಲಾಗುತ್ತದೆಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾಸಿಗೆಯ ಬಳಿ ಕೂತೆ. ಅಂದು ಅವಳು ಒಂದೇ ಸೀರೆ ಉಟ್ಟಿದ್ದಳು, ಕೆನ್ನೆಯಲ್ಲಿ ಏನೂ ಇರಲಿಲ್ಲ. ಶಾಂತಾಳ ಜಡೆ ಯಾರು ಹಾಕುತ್ತಾರೆಂದು ಕೇಳಿದಳು. ನಾನೇ ಎಂದೆ. ಫೋಟೋದಲ್ಲಿ ನೋಡಿದರೆ ತಿಳಿಯುತ್ತದೆ ಎಂದಳು. ಆಮೇಲೆ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಆ ಭಿಂಗದಾಗ ನಾ ಹೆಂಗ ಕಾಣ್ತಿದ್ನಿರಿ?"

"ದಪ್ಪ," ಎಂದೆ.

"ನೀವು ಮೊದಲ ದಿನ ಅದನ್ನ ಉದ್ದ ಎಳದ್ರಿ. ಆಮ್ಯಾಲ ಗಿಡ್ಡ ಮಾಡಿದ್ರಿ. ನಾ ಇಲ್ಲಿಂದ ನೋಡಾಕತ್ತಿದ್ನಿ." ತುಟಿ ತುಸು ನಕ್ಕಿತು. "ಮುಂದ ಒಂದ ಸರ್ತಿನೂ ನನ್ನ ಕಡೆ ಉದ್ದ ಮಾಡಲಿಲ್ಲ ನೀವು."

ನನ್ನ ಕಣ್ಣು ಗಾಜಿನೊಳಗಿದ್ದಾಗ ಅವಳ ಕಣ್ಣು ಕೊಳವೆಯ ಮೇಲಿತ್ತು ಎಂಬುದು ನನಗೆ ಹೊಳೆದೇ ಇರಲಿಲ್ಲ. ನನಗೆ ಗೊತ್ತಾಗಿದೆಯೆಂದು ತಿಳಿದೂ ಅವಳು ಅಷ್ಟು ರವಿವಾರ ಕೆನ್ನೆಯಲ್ಲಿ ಹತ್ತಿ ಇಟ್ಟುಕೊಂಡಿದ್ದಳು. ಅವಳ ಕೈ ಹಿಡಿದು ಕೂತೆ. ಅವಳೂ ಬಿಡಿಸಿಕೊಳ್ಳಲಿಲ್ಲ. ಯುಗಾದಿಗೆ ಮೊದಲು ಹೋದಳು.

ಈಗ ಶಾಂತಾ ಸಾಲೆಯಲ್ಲಿ ಮೂರನೆಯ ಇಯತ್ತೆ. ಅವ್ವನ ಫೋಟೋಗಳನ್ನು ಬಾಬುರಾವನಿಂದ ದೊಡ್ಡದು ಮಾಡಿಸಿದೆ. ಅವನು ಒಂದೊಂದನ್ನೇ ನೋಡಿ ನಿಟ್ಟುಸಿರು ಬಿಟ್ಟ. ಇಷ್ಟು ಸಣ್ಣದಾಗಿ ತೆಗೆಯುವವನಿಗೆ ಅಷ್ಟು ದೊಡ್ಡ ಲೆನ್ಸ್ ಯಾಕೆ ಬೇಕಿತ್ತು, ತನ್ನ ಮಾತು ಕೇಳಬೇಕಿತ್ತು ಎಂದ. ಹೌದೆಂದು ಒಪ್ಪಿಕೊಂಡೆ. ಚಿತ್ರಕಲೆಯ ಮಾಸ್ತರನಿಗೆ ಫೋಟೋ ತೆಗೆಯಲು ಬರುವುದಿಲ್ಲವೆಂಬ ಸುದ್ದಿ ಊರಲ್ಲಿ ಹಬ್ಬಿದೆ.

ಮಗಳು ಮಾತ್ರ ಅವನ್ನು ಬೆರಳಿಟ್ಟು ನೋಡುತ್ತಾಳೆ. ಮೊನ್ನೆ ಊಟಕ್ಕೆ ಕೂತಾಗ ಕೇಳಿದಳು. "ಅಪ್ಪಾ, ಅವ್ವ ಇಷ್ಟ ದಪ್ಪ ಇದ್ದಳೇನ?"

"ಹೂಂ."

ಅವಳು ಫೋಟೋ ನೋಡಿದಳು, ತನ್ನ ಕಡ್ಡಿಯಂಥ ಕೈ ನೋಡಿಕೊಂಡಳು, ಊಟದ ಗಂಗಾಳವನ್ನು ಮುಂದೆ ಸರಿಸಿದಳು. "ಹಂಗಾರ ನನಗ ಇನ್ನೊಂದ ರೊಟ್ಟಿ ಹಾಕು."

ಆ ದಿನದಿಂದ ದಿನಾಲೂ ಒಂದು ರೊಟ್ಟಿ ಹೆಚ್ಚು ಬಡಿಯುತ್ತಿದ್ದೇನೆ. ನನ್ನ ರೊಟ್ಟಿ ನಡುವೆ ದಪ್ಪ, ಅಂಚಿನಲ್ಲಿ ಹರಿದಿರುತ್ತದೆ, ಒಂದು ಕಡೆ ಹೊತ್ತಿರುತ್ತದೆ. ಅವಳು ಗೊಣಗದೆ ತಿನ್ನುತ್ತಾಳೆ, ತಿಂದು ಕೆನ್ನೆ ಮುಟ್ಟಿ ನೋಡಿಕೊಳ್ಳುತ್ತಾಳೆ. ನಾನು ಹೊಗೆಯ ನೆಪದಲ್ಲಿ ಒಲೆಯ ಕಡೆ ತಿರುಗಿ, ಮುಂದಿನದಕ್ಕೆ ಹಿಟ್ಟು ನಾದುತ್ತೇನೆ.