ಚಾಂದನಿ ಧಾರ್‌ಗೆ ರಸ್ತೆ ತೆರೆಯಿತು

ಎವರೆಸ್ಟನ್ನು ನಾನು ಮೂರು ಸಲ ಹತ್ತಿದ್ದೇನೆ. ಮೊದಲ ಸಲ ಉತ್ತರದಿಂದ, ಎರಡನೆಯ ಸಲ ದಕ್ಷಿಣದಿಂದ, ಮೂರನೆಯ ಸಲ ತುದಿಯಲ್ಲಿ ಮರೆತು ಬಂದ ಛತ್ರಿ ತರುವುದಕ್ಕೆ. ಇದನ್ನು ಮೊದಲೇ ಹೇಳಲು ಕಾರಣವಿದೆ. ಮಲೇಷ್ಯಾದ ಪುಚೊಂಗಿನಲ್ಲಿರುವ ನಮ್ಮ ಕಾಂಡೊ ಕಟ್ಟಡದ ಸುಬ್ರಾಯರೆಂಬ ಬಡಾಯಿಗಾರರ ಕತೆ ಹೇಳುವವನಿಗೆ ಪರ್ವತದ ಅನುಭವ ಸ್ವಲ್ಪವಾದರೂ ಇರಬೇಕು.

ಸುಬ್ರಾಯರು ಉಡುಪಿಯವರು. ಇಲ್ಲಿಯ ಮೆಡಿಕಲ್ ಕಾಲೇಜೊಂದರಲ್ಲಿ ಮೂಳೆಗಳ ಪಾಠ ಹೇಳುತ್ತಿದ್ದರು. ಅವರ ಅನರ್ಥಕ್ಕೆಲ್ಲ ಕಾರಣ ಮನೆಯ ಹಾಲ್‌ನ ಗೋಡೆಯ ಮೇಲಿದ್ದ ಒಂದು ಫೋಟೊ. ಅದರಲ್ಲಿ ಅವರು ಕರಡಿಯಂಥ ಕೋಟು ತೊಟ್ಟು, ಹಿಮ ಕಡಿಯುವ ಕೊಡಲಿ ಹಿಡಿದು, ಬೆಳ್ಳನೆಯ ಶಿಖರದ ಮುಂದೆ ಎದೆಯುಬ್ಬಿಸಿ ನಿಂತಿದ್ದರು. ಭುಜದ ಮೇಲೊಂದು ಕೈ. ಕೈಯ ಒಡೆಯರು ಮಾತ್ರ ಚೌಕಟ್ಟಿನಿಂದ ಹೊರಗೆ.

"ಈ ಕೈ ಯಾರ್ದು ಸುಬ್ರಾಯ್ರೇ?" ಎಂದು ಕೆಳಮನೆಯ ಇಂಜಿನಿಯರ್ ಗಫೂರ್ ಒಮ್ಮೆ ಕೇಳಿದ್ದ.

"ಶೆರ್ಪಾನದ್ದು ಮಾರಾಯ್ರೆ. ಬೀಳ್ತಾ ಇದ್ದ, ಪಾಪ. ನನ್ನನ್ನು ಹಿಡ್ಕೊಂಡು ಬಚಾವಾದ."

"ಬಳೆ ಹಾಕ್ಕೊಂಡಿದಾನಲ್ರೀ!"

"ಸೀನಿಯರ್ ಶೆರ್ಪಾ!"

ಸುಬ್ರಾಯರ ಹೆಂಡತಿ ಗುಲಾಬಿ ಚಹಾದ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಒಳಗೆ ಹೋಗಿದ್ದಳು.

ಇಷ್ಟಕ್ಕೇ ನಿಲ್ಲಿಸಿದ್ದರೆ ಸುಬ್ರಾಯರು ಬದುಕುತ್ತಿದ್ದರು. ಆದರೆ ಪ್ರತಿ ವರ್ಷವೂ ಅವರು, "ಈ ವಸಂತಕ್ಕೆ ಹಿಮಾಚಲದ ಚಾಂದನಿ ಧಾರ್ ಶಿಖರ ಹತ್ತಿಯೇ ಹತ್ತುತ್ತೇನೆ" ಎಂದು ಸಾರುತ್ತಿದ್ದರು. ಏಪ್ರಿಲ್ ಬಂದೊಡನೆ ನಿಟ್ಟುಸಿರು ಬಿಡುತ್ತಿದ್ದರು. "ಎಂತ ಮಾಡುದು? ಬುಡದವರೆಗೆ ಹೋಗುವ ರಸ್ತೆಯ ಮೇಲೆ ಇನ್ನೂ ಆಳೆತ್ತರ ಹಿಮ. ರಸ್ತೆ ತೆರೆಯುವುದು ಜೂನಿಗೆ, ಕಾಲೇಜಿನ ರಜೆ ಮುಗಿಯುವುದು ಏಪ್ರಿಲಿಗೆ." ಬಿಸಿಲು ಮತ್ತು ಮಳೆ ಬಿಟ್ಟರೆ ಬೇರೆ ಋತುವೇ ಇಲ್ಲದ ಮಲೇಷ್ಯಾದಲ್ಲಿ ಇದನ್ನು ಪರೀಕ್ಷಿಸುವವರು ಯಾರು? ಮುಚ್ಚಿದ ಆ ರಸ್ತೆ ಸುಬ್ರಾಯರ ಮಾನವನ್ನು ವರ್ಷ ವರ್ಷವೂ ಕಾಪಾಡುತ್ತಿತ್ತು.

೨೦೧೬ರ ಏಪ್ರಿಲ್ ತಿಂಗಳ ಒಂದು ಶನಿವಾರ ಬೆಳಗ್ಗೆ ಗಫೂರ್ ಫೋನ್ ಹಿಡಿದು ಓಡಿ ಬಂದ. ಅವನ ಭಾವಮೈದುನ ಅರ್ಷದ್‌ಗೆ ಅದೇ ರಸ್ತೆಯ ಹಿಮ ತೆಗೆಸುವ ಕೆಲಸ ಸಿಕ್ಕಿತ್ತು.

"ಸುಬ್ರಾಯ್ರೇ, ಮುಬಾರಕ್! ಈ ವರ್ಷ ಹಿಮ ಕಮ್ಮಿಯಂತೆ. ರಸ್ತೆ ನಿನ್ನೇನೇ ಓಪನ್! ನಿಮ್ ರಜಾನೂ ಇವತ್ತಿಂದ ಶುರು. ಕಾಂಡೊದವ್ರೆಲ್ಲ ಸೇರಿ ಸಂಜೆ ಫ್ಲೈಟ್‌ಗೆ ಟಿಕೆಟ್ ಮಾಡ್ಸಿದೀವಿ. ಅರ್ಷದ್ ಜೀಪ್ ತಗೊಂಡು ಕಾಯ್ತಾನೆ."

ಸುಬ್ರಾಯರ ಮುಖ ಇಡ್ಲಿಯಂತೆ ಬೆಳ್ಳಗಾಯಿತು.

"ರಸ್ತೆ ತೆರೆದರೆ ಸಾಕಾ ಗಫೂರ್? ವಸಂತದ ಹಿಮ ಅಂದ್ರೆ ಎಂತ ಅಂತ ಗೊತ್ತುಂಟಾ? ಬೆಳಗ್ಗೆ ಸಿಮೆಂಟು, ಮಧ್ಯಾಹ್ನ ಮಜ್ಜಿಗೆ. ಬಿಸಿಲೇರಿದ ಮೇಲೆ ಸೊಂಟದವರೆಗೆ ಹೂತು ಹೋಗ್ತದೆ. ಮೇಲಿಂದ ಇಡೀ ಗುಡ್ಡವೇ ಜಾರಿ ಬರ್ತದೆ!"

"ಹೌದು, ಅರ್ಷದ್ ಹೇಳ್ದ. ಅದಕ್ಕೇ ರಾತ್ರಿ ಒಂದಕ್ಕೆ ಎದ್ದು ಹತ್ತೋಕೆ ಶುರು ಮಾಡಿ, ಬಿಸಿಲಿಗೆ ಮುಂಚೆ ಇಳಿದುಬಿಡ್ಬೇಕಂತೆ."

"ಒಂದಕ್ಕೆ ಎಬ್ಬಿಸುವವರು ಯಾರು?"

"ನಾನು ಫೋನ್ ಮಾಡಿ ಎಬ್ಬಿಸ್ತೀನಿ ಲಾ!" ಎಂದಳು ಗಫೂರನ ಹೆಂಡತಿ ಝೀನತ್, ಇಲ್ಲಿಯವರ ಧಾಟಿಯಲ್ಲಿ, ಮೆಟ್ಟಿಲಿನಿಂದಲೇ. "ನಮಗಿಲ್ಲಿ ಆಗ ಮೂರೂವರೆ. ರಂಜಾನಲ್ಲಿ ಎದ್ದು ಎದ್ದು ಅಭ್ಯಾಸ ಇದೆ, ಭಾಯ್."

ಮಧ್ಯಾಹ್ನದ ಹೊತ್ತಿಗೆ ಇಡೀ ಕಾಂಡೊ ಪರ್ವತಾರೋಹಣ ಸಂಘವಾಗಿತ್ತು. ಝೀನತ್ ಒಂದು ಬಕೆಟ್ ಬಿರಿಯಾನಿಯನ್ನು ತಪಾವ್, ಅಂದರೆ ಪಾರ್ಸೆಲ್, ಕಟ್ಟಿಕೊಟ್ಟಳು. ಎದುರಿನ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನವನು, ಹಿಮದಲ್ಲಿ ಹಾಳಾಗುವುದಿಲ್ಲವೆಂದು ಐವತ್ತು ರೊಟ್ಟಿ ಕಳಿಸಿದ. ಯಾರೋ ಕರಡಿಯಂಥದ್ದೇ ಕೋಟು ತಂದು, ಕೋಳಿಯೂ ಬೇಯುವ ಆ ಸೆಕೆಯಲ್ಲಿ ಸುಬ್ರಾಯರಿಗೆ ತೊಡಿಸಿ, ಕುತ್ತಿಗೆಯವರೆಗೆ ಜಿಪ್ ಎಳೆದರು. ಮಕ್ಕಳು ಸುತ್ತ ನಿಂತು, "ಅಂಕಲ್, ಕ್ಯಾನ್ ಯು ಬ್ರಿಂಗ್ ಅ ಪೆಂಗ್ವಿನ್?" ಎಂದು ಪೀಡಿಸಿದವು.

"ಗುಲಾಬೀ," ಸುಬ್ರಾಯರು ಪಿಸುಗುಟ್ಟಿದರು, "ನನಗೆ ಬಿಪಿ ಉಂಟು ಅಂತ ಹೇಳೇ."

"ಎಂತ ಬಿಪಿ? ನಿಮ್ಮ ಸೀನಿಯರ್ ಶೆರ್ಪಾ ಇದ್ದಾನಲ್ಲ, ಅವನತ್ರ ಹೇಳಿ" ಎಂದು ಗುಲಾಬಿ ಜಡೆ ಬೀಸಿ ನಡೆದಳು.

"ಹೊರಡೋಕೆ ಮುಂಚೆ ಒಂದು ರಿಹರ್ಸಲ್!" ಎಂದ ಗಫೂರ್. ಬ್ರಿಕ್‌ಫೀಲ್ಡ್ಸ್‌ನ ಭಾರತೀಯರ ಪೇಟೆಯಿಂದ ತಂದಿದ್ದ ಸೋನಾ ಮಸೂರಿ ಅಕ್ಕಿಯ ಮೂಟೆಯನ್ನು ಅವರ ಬೆನ್ನಿಗೆ ಕಟ್ಟಿ, ಲಿಫ್ಟ್ ನಿಲ್ಲಿಸಿ, ತುದಿಯ ಮಹಡಿಯವರೆಗೆ ಮೆಟ್ಟಿಲು ಹತ್ತಿಸಿದರು. ಸುಬ್ರಾಯರು ಜಿಂಕೆಯಂತೆ ಹಾರಿದರು. ಹಿಂದೆ ಬಂದ ಹುಡುಗರು ಏದುಸಿರು ಬಿಡುತ್ತಿದ್ದರೆ, ಅವರು ತಾರಸಿಯಲ್ಲಿ ಸಿಳ್ಳೆ ಹಾಕುತ್ತ ನಿಂತಿದ್ದರು.

ಸಂಜೆ ಹಾರ ಹಾಕಿ ಕಾರು ಹತ್ತಿಸುವಾಗ ಗಫೂರನ ಫೋನು ಕಿಣಿಕಿಣಿ ಎಂದಿತು. ಅರ್ಷದ್! ಮಧ್ಯಾಹ್ನದ ಬಿಸಿಲಿಗೆ ಗುಡ್ಡದ ಹಿಮ ಕುಸಿದು ರಸ್ತೆ ಪುನಃ ಮುಚ್ಚಿಹೋಗಿತ್ತು. ಇನ್ನು ತೆರೆಯುವುದು ಜೂನಿಗೇ. ಸುಬ್ರಾಯರು ಕಾರಿನ ಬಾಗಿಲು ಹಿಡಿದು, "ಅಯ್ಯೋ, ಈ ಸಲವೂ ತಪ್ಪಿತಲ್ಲ!" ಎಂದು ಗದ್ಗದಿತರಾದರು. ಕಾಂಡೊದವರೆಲ್ಲ ಕಣ್ಣೊರೆಸಿಕೊಂಡರು. ಅವರ ಮಾನ ಹಿಮದಷ್ಟೇ ಬೆಳ್ಳಗೆ ಉಳಿಯಿತು.

"ಎಂತ? ಜಿಂಕೆಯಾ?"

ಇಷ್ಟು ಬರೆಯುವಾಗ ನನ್ನ ಹೆಂಡತಿ ಬೆನ್ನ ಹಿಂದೆ ನಿಂತು ಓದುತ್ತಿದ್ದದ್ದು ನನಗೆ ಗೊತ್ತೇ ಆಗಲಿಲ್ಲ.

"ಕತೆ ಅಲ್ವಾ ಗುಲಾಬಿ, ಸ್ವಲ್ಪ ಹೆಚ್ಚು ಕಮ್ಮಿ..."

"ಸಮಾ ಬರೀರಿ. ಇಲ್ಲದಿದ್ರೆ ಗಫೂರಣ್ಣನನ್ನು ಕರೀತೇನೆ. ಅವರತ್ರ ವಿಡಿಯೊ ಉಂಟು."

ಸರಿ, ಬರೆಯುತ್ತೇನೆ. ಹೌದು, ಸುಬ್ರಾಯ ನಾನೇ. ಜಿಂಕೆಯಂತೆ ಹಾರಲಿಲ್ಲ. ನಾಲ್ಕನೆಯ ಮಹಡಿಯಲ್ಲಿ ಅಕ್ಕಿಮೂಟೆಯ ಸಮೇತ ಅಂಗಾತ ಬಿದ್ದೆ, ಮಗುಚಿದ ಆಮೆಯಂತೆ ಕೈಕಾಲು ಆಡಿಸುತ್ತ. ಬಗ್ಗಿ ನೋಡುತ್ತಿದ್ದ ಇಡೀ ಕಾಂಡೊದೆದುರು, "ನನ್ನನ್ನು ಬಿಟ್ಟುಬಿಡಿ ಮಾರಾಯ್ರೆ! ನಾನು ಹಿಮ ಕಂಡದ್ದು ಫ್ರಿಜ್ಜಿನಲ್ಲಿ ಮಾತ್ರ!" ಎಂದು ಕಿರುಚಿದೆ. ಆ ಕಿರುಚಾಟ ಮುಗಿಯುವುದಕ್ಕೂ ಗಫೂರನ ಫೋನು ಕಿಣಿಗುಟ್ಟುವುದಕ್ಕೂ ಸರಿಹೋಯಿತು. ರಸ್ತೆ ಮುಚ್ಚಿತ್ತು. ಇನ್ನೊಂದು ಕ್ಷಣ ಬಾಯಿ ಮುಚ್ಚಿಕೊಂಡಿದ್ದರೆ ನಾನು ಇವತ್ತಿಗೂ ಪರ್ವತಾರೋಹಿ. ಈಗ ಕಾವಲುಗಾರನೂ ನನ್ನನ್ನು ಫ್ರಿಜ್ ಸಾರ್ ಎನ್ನುತ್ತಾನೆ.

"ಮತ್ತೆ ಆ ಫೋಟೊ?" ಎಂದಳು ಗುಲಾಬಿ. ಅವಳ ಕೈಯ ಬಳೆ ನನ್ನ ಭುಜದ ಮೇಲೆ ತಣ್ಣಗೆ ತಾಗುತ್ತಿತ್ತು.

ಫೋಟೊ ಈಗ ಪೂರ್ತಿಯಾಗಿ ಗೋಡೆಯ ಮೇಲಿದೆ. ಪಕ್ಕದಲ್ಲಿ ಮದುವೆಯಾದ ಹೊಸತರಲ್ಲಿದ್ದ ಗುಲಾಬಿ, ಕಾಲಡಿ ಹರಡಿದ ಹತ್ತಿ, ಮೂಲೆಯಲ್ಲೊಂದು ಟೇಬಲ್ ಫ್ಯಾನು. ತೆಗೆಸಿದ್ದು ಉಡುಪಿಯ ಬಸ್‌ಸ್ಟ್ಯಾಂಡ್ ಹತ್ತಿರದ ಸ್ಟುಡಿಯೊದಲ್ಲಿ.

ಎವರೆಸ್ಟು ಅಲ್ಲಿಯ ಪರದೆಯ ಮೇಲಿತ್ತು.