ಎರಡು ಲಕ್ಷದ ಹೊಳಪು

ಪಾಲಿಷ್ ಮೆಷಿನ್ನಿಗೆ ಮೂರು ಸಾವಿರದ ಇನ್ನೂರು, ಬಣ್ಣ ಉಜ್ಜುವ ಕಾಂಪೌಂಡ್ ಡಬ್ಬಿಗೆ ಆರುನೂರೈವತ್ತು, ವ್ಯಾಕ್ಸಿಗೆ ನಾನೂರೆಂಬತ್ತು, ಬಟ್ಟೆ-ಸ್ಪಂಜಿಗೆ ಮುನ್ನೂರೆಪ್ಪತ್ತು; ಒಟ್ಟು ನಾಲ್ಕು ಸಾವಿರದ ಏಳುನೂರು. ಕಾರು ಪಾಲಿಷ್ ಮಾಡಿಕೊಡಲು ಅಂಗಡಿಯವನು ಏಳೂವರೆ ಸಾವಿರ ಕೇಳಿದ್ದ.

"ಎರಡು ಸಾವಿರದ ಎಂಟುನೂರು ಉಳೀತು!" ಎಂದ ಚಂದ್ರಶೇಖರ.

"ಬರೀ ನೀರಲ್ಲಿ ತೊಳೆದಿದ್ರೆ ಪೂರ್ತಿ ಉಳೀತಿತ್ತು," ಎಂದಳು ಹೆಂಡತಿ ನಂದಿತಾ.

ಮೂರು ವರ್ಷದ ಹಿಂದೆ ಮೈಸೂರಿನಿಂದ ಪೆರಂಬೂರಿಗೆ ತಂದಿದ್ದ ಹಳೆಯ ಕೆಂಪು ಕಾರದು. ಎರಡು ಲಕ್ಷಕ್ಕೆ ಕೊಳ್ಳಲು ಎಣ್ಣೂರಿನ ಬಾಬು ಸಂಜೆ ಬರುವವನಿದ್ದ. ಸೋಮವಾರ ಮಗಳು ಅನುವಿನ ಕಾಲೇಜು ಫೀಸು ಕಟ್ಟಬೇಕಿತ್ತು.

ಎದುರುಮನೆಯ ಬದರಿನಾಥರು ಸಲಹೆ ಕೊಡಲು ಕುರ್ಚಿ ಸಮೇತ ಇಳಿದು ಬಂದರು. ಪಕ್ಕದಲ್ಲೇ ನಿಂತಿದ್ದ ಅವರ ಕಾರಿನ ಮೇಲೆ ರಾಗಿ ಬಿತ್ತುವಷ್ಟು ಧೂಳಿತ್ತು.

ಮೆಷಿನ್ನನ್ನು ಬಾನೆಟ್ಟಿಗೆ ಒತ್ತುವ ಮೊದಲೇ ಚಂದ್ರಶೇಖರ ಸ್ವಿಚ್ ಹಾಕಿದ. ಅದಕ್ಕೆ ಹಚ್ಚಿದ್ದ ಕಾಂಪೌಂಡ್ ಹಾರಿ ಬದರಿನಾಥರ ಪಂಚೆಯ ಮೇಲೆ ಹಬ್ಬದ ರಂಗೋಲಿ ಬಿತ್ತು. ಉಳಿದದ್ದು ಬಾನೆಟ್ಟಿನ ಮೇಲೆ ಬಿದ್ದು, ಬಿಸಿಲಿಗೆ ಕಾವಲಿ ಮೇಲಿನ ದೋಸೆಯಂತೆ ಗಟ್ಟಿಯಾಯಿತು.

"ನಲ್ಲಾ, ಚೆನ್ನಾಗಿ ಅಮುಕಿ ಸಾರ್! ಹೆದರಬೇಡಿ!" ಎಂದರು ಪಂಚೆ ಒರೆಸಿಕೊಳ್ಳುತ್ತಾ.

ಅಮುಕಿದ. ಬಾನೆಟ್ಟಿನ ಅಂಚಿನಲ್ಲಿ ಬಣ್ಣ ಕಿತ್ತುಹೋಗಿ, ಕೆಳಗಿನ ಬಿಳಿ ಪ್ರೈಮರ್ ಹಲ್ಲು ಕಿರಿಯಿತು.

"ಏನ್ರೀ ಮಾಡಿಸಿಬಿಟ್ರಿ!" ಎಂದು ಚಂದ್ರಶೇಖರ ಅವರ ಕಡೆ ತಿರುಗಿದ.

"ಅದಕ್ಕೇನು, ಇರಿ." ಬದರಿನಾಥರು ಮನೆಯಿಂದ ಆಂಜನೇಯನ ಕೆಂಪು ಸ್ಟಿಕ್ಕರ್ ತಂದು ಆ ಬಿಳಿಯ ಮೇಲೆ ಮೆತ್ತಿದರು. "ಈಗ ಬಣ್ಣವೂ ಬಂತು, ಭಕ್ತಿಯೂ ಬಂತು."

ಐದು ಗಂಟೆಗೆ ಕಾರು ಮದುಮಗಳಂತೆ ಮಿಂಚುತ್ತಿತ್ತು. ಬಾಬು ಬಂದ, ಸುತ್ತಿದ, ಮೊದಲು ಆಂಜನೇಯನಿಗೆ ಕೈಮುಗಿದ, ಆಮೇಲೆ ಆಂಜನೇಯನನ್ನೇ ಉಗುರಿನಿಂದ ಎಬ್ಬಿಸಿದ.

"ವೇಂಡಾ ಸಾರ್, ಬೇಡ. ಹಳೇ ಬಂಡಿಗೆ ಇಷ್ಟು ಹೊಳಪು ಯಾಕೆ? ಇದು ಊರೆಲ್ಲ ನೀರು ನಿಂತ ಆ ದೊಡ್ಡ ಮಳೆಯಲ್ಲಿ ಮುಳುಗಿದ್ದು."

"ಆ ಮಳೆ ಬಂದಾಗ ಇದು ಮೈಸೂರಲ್ಲಿತ್ತು ಕಣಪ್ಪ!"

ಬಾಬು ಆಗಲೇ ಪಕ್ಕದ ಕಾರಿನ ಧೂಳನ್ನು ಬೆರಳಿನಿಂದ ತೆಗೆದು ಮೆಚ್ಚಿಕೊಳ್ಳುತ್ತಿದ್ದ. "ಇದು ಯಾರದು? ಇದು ಸುಳ್ಳು ಹೇಳಲ್ಲ."

ಚಂದ್ರಶೇಖರನಿಗೆ ತಡೆಯಲಾಗಲಿಲ್ಲ. ಆ ಮಳೆಯಲ್ಲಿ ತಮ್ಮ ಕಾರಿನ ಸೀಟಿನ ಮಟ್ಟಕ್ಕೆ ನೀರು ಬಂದ ಕತೆಯನ್ನು ಬದರಿನಾಥರು ಪ್ರತಿ ಮಳೆಗಾಲ ಅವನಿಗೆ ಹೇಳಿದ್ದರು. "ಮುಳುಗಿದ್ದು ಅದೇ!"

ಬಾಬು ನಕ್ಕ. "ಮುಳುಗಿದ್ರೆ ಯಾರು ಸಾರ್ ಹೀಗೇ ಬಿಡ್ತಾರೆ? ಪಾಲಿಷ್ ಹಾಕ್ತಾರೆ."

ಬದರಿನಾಥರು ಅದುವರೆಗೆ ಇಲ್ಲದ ಶ್ರದ್ಧೆಯಿಂದ ಪಂಚೆಯ ಕಲೆ ನೋಡುತ್ತಾ ನಿಂತರು. ಒಂದೂ ಸಲಹೆ ಕೊಡಲಿಲ್ಲ. ಅವರ ಧೂಳಿನ ಕಾರಿಗೆ ಒಂದು ಲಕ್ಷದ ತೊಂಬತ್ತು ಸಾವಿರಕ್ಕೆ ಮಾತು ಮುಗಿಯಿತು.

ಚಂದ್ರಶೇಖರನ ನಾಲ್ಕು ಸಾವಿರದ ಏಳುನೂರು ಹೋಯಿತು. ಕಾರು ಉಳಿಯಿತು, ಫೀಸೂ ಬಾಕಿ ಉಳಿಯಿತು. ಮಾರನೆಯ ದಿನ ಬದರಿನಾಥರು ಪಂಚೆಯ ದುಡ್ಡು ಕೇಳಿದರು: ಆರುನೂರು.