ಅಕ್ಕಯಮ್ಮನ ಗುಡಿಸಲು ಸ್ಮಾರಕವಾದ ವರ್ತಮಾನ

ನಮ್ಮೂರಿನ ಅಕ್ಕಯಮ್ಮನ ಗುಡಿಸಲು ಭಾನುವಾರದವರೆಗೆ ಮನೆಯಾಗಿತ್ತು, ಸೋಮವಾರದಿಂದ ಸ್ಮಾರಕವಾಯಿತು. ದೊಡ್ಡಬೆಳವಂಗಲದಿಂದ ಬರುವ ದಾರಿಗೆ ಕಾಣುವಂತೆ ನೀಲಿ ಬೋರ್ಡು ನೆಟ್ಟು, ಹೀಗೆ ಬರೆಸಿದರು: "ಈ ಗುಡಿಸಲಿನ ಯಾವುದೇ ಭಾಗವನ್ನು ಕೀಳುವುದು, ಬದಲಿಸುವುದು, ತಿನ್ನುವುದು ಶಿಕ್ಷಾರ್ಹ." ತಿನ್ನುವುದು ಅನ್ನೋದನ್ನ ನನ್ನ ಹಸುವಿನ ಸಲುವಾಗಿ ಸೇರಿಸಿದ್ದು. ಬೋರ್ಡು ಬರೆಯುವಾಗಲೇ ಅದು ಸೂರಿಗೆ ಬಾಯಿ ಹಾಕಿತ್ತು.

ಗುಡಿಸಲು ಹಳೇದು ಅನ್ನೋದರಲ್ಲಿ ತಕರಾರಿಲ್ಲ. ಅಕ್ಕಯಮ್ಮನ ಗಂಡನ ಮುತ್ತಾತನ ಕಾಲದ್ದು. ಮೊಳದಗಲದ ಮಣ್ಣಿನ ಗೋಡೆ, ಕಲ್ಲು ಕಂಬ, ಬಿದಿರ ಗಳ, ಮೇಲೆ ಹುಲ್ಲು. ಗೋಡೆ, ಕಂಬ ಹಳೇವು. ಹುಲ್ಲನ್ನು ಮಾತ್ರ ಎರಡು ವರ್ಷಕ್ಕೊಮ್ಮೆ ಮುಂಗಾರಿಗೆ ಮುಂಚೆ ಕಿತ್ತು ಹೊಸದು ಹೊದಿಸಬೇಕು. ಇಲ್ಲಾಂದರೆ ಕೊಳೆತು ಸೋರುತ್ತೆ.

ಸ್ಮಾರಕ ಮಾಡಿದವರು ಪಾರಂಪರಿಕ ಗುಡಿಸಲು ಸಂರಕ್ಷಣಾ ಘಟಕದ ಅಧಿಕಾರಿ ಕಾಂತರಾಜು. ಜೊತೆಗೆ ಪದ್ಮಶ್ರೀ ಅನ್ನೋ ಬೆಂಗಳೂರಿನ ವಾಸ್ತುಶಿಲ್ಪ ತಜ್ಞೆ. ಇಬ್ಬರೂ ಒಂದೇ ಕಾರಲ್ಲಿ ಬಂದರು, ಒಂದೇ ಎಳನೀರಿಗೆ ಎರಡು ಸ್ಟ್ರಾ ಹಾಕಿಸಿಕೊಂಡರು. ಅದು ಘಟಕದ ಆಂತರಿಕ ವಿಷಯ, ನಮಗ್ಯಾಕೆ.

ಪದ್ಮಶ್ರೀ ತಗ್ಗು ಬಾಗಿಲ ಮುಂದೆ ನಿಂತು, "ಒಳಗೆ ಬರೋರು ತಲೆ ಬಾಗಲಿ ಅಂತ ಎಷ್ಟು ಯೋಚನೆ ಮಾಡಿ ಕಟ್ಟಿದಾರೆ!" ಅಂದರು.

"ನಮ್ಮ ಮಾವನ ವಂಶದೋರೆಲ್ಲ ಕುಳ್ಳರು ಕಣವ್ವ," ಅಂದಳು ಅಕ್ಕಯಮ್ಮ.

ಅದನ್ನೂ ಬರೆದುಕೊಂಡರು.

ಯುಗಾದಿ ಕಳೆದು ಮೋಡ ಕಟ್ಟತೊಡಗಿತು. ಅದು ಹುಲ್ಲು ಬದಲಿಸುವ ವರ್ಷ. ಅಕ್ಕಯಮ್ಮ ಹೊಸ ಹುಲ್ಲು ತಂದು ಒಟ್ಟಿ, ಹಳೇದರಲ್ಲಿ ಒಂದು ಹಿಡಿ ಕೀಳುವಷ್ಟರಲ್ಲಿ ಕಾಂತರಾಜು ಬಂದಿಳಿದರು.

"ಏನಮ್ಮಾ ಇದು? ಅದು ಮೂಲ ಹುಲ್ಲು!"

"ಹೋದ್ ಸಲ ಹೊದ್ಸಿದ್ದು ಸ್ವಾಮಿ."

"ಘೋಷಣೆ ಆದ ದಿನ ಮೇಲಿದ್ದದ್ದೇ ಮೂಲ ಹುಲ್ಲು. ನಿಯಮ."

"ಮಳೆ ಹುಯ್ದ್ರೆ ನಾನೆಲ್ಲಿ ಮಲಿಕ್ಕಳ್ಳಿ?"

"ಮಳೆಯಿಂದ ಸ್ಮಾರಕಕ್ಕೆ ಧಕ್ಕೆ ಆಗದಂಗೆ ನೋಡ್ಕೊಳ್ಳೋದು ಘಟಕದ ಹೊಣೆ."

ಮಲಗುವ ವಿಷಯ ನಿಯಮದಲ್ಲಿರಲಿಲ್ಲ.

ಹೊಣೆ ಅಂದ ಮೇಲೆ ಕಂಟ್ರಾಕ್ಟು, ಕಂಟ್ರಾಕ್ಟು ಅಂದ ಮೇಲೆ ಚಲಪತಿ. ಇವನು ನಮ್ಮ ಪಂಚಾಯ್ತಿ ಅಧ್ಯಕ್ಷೆಯ ಗಂಡ. ಅವಳು ಸಹಿ ಹಾಕ್ತಾಳೆ, ಇವನು ಅಧ್ಯಕ್ಷತೆ ಮಾಡ್ತಾನೆ. ಗುಡಿಸಲು ಫೋಟೋದಲ್ಲಿ ಚೆನ್ನಾಗಿ ಬರಲಿ ಅಂತ ನಾಲ್ಕು ಎತ್ತರದ ಪಿಲ್ಲರು ಎಬ್ಬಿಸಿ, ಗುಡಿಸಲಿನ ನೆತ್ತಿಯ ಮೇಲೆ ಸಿಮೆಂಟಿನ ಮೋಲ್ಡು, ಅಂದರೆ ಚಪ್ಪಟೆ ತಾರಸಿ, ಹಾಕಿದ. ಅದೇ ತಿಂಗಳು ಅವನ ಮನೆಗೂ ಒಂದು ಮಹಡಿ ಎದ್ದಿತು. ಸಿಮೆಂಟು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ನಾನು ಹೇಳಕ್ಕೆ ಹೋಗಲ್ಲ, ಮೊದಲ ಮಳೆಯೇ ಹೇಳಿತು. ಗುಡಿಸಲಿನ ಮೇಲಿನ ಮೋಲ್ಡು ಜರಡಿ ಹಂಗೆ ಸೋರಿತು. ಚಲಪತಿ ಮಹಡಿಯಲ್ಲಿ ಒಂದು ಹನಿ ಇಳಿಯಲಿಲ್ಲ. ಅಕ್ಕಯಮ್ಮ ಇದ್ದಬದ್ದ ಪಾತ್ರೆಗಳನ್ನೆಲ್ಲ ಸೋರುವ ಕಡೆಗಿಟ್ಟು, ಮುದ್ದೆ ತೊಳಸಕ್ಕೆ ನಮ್ಮನೆಗೆ ಪಾತ್ರೆ ಕೇಳಕ್ಕೆ ಬಂದಳು.

ಘಟಕದ ತುರ್ತು ಸಭೆ ಅರಳಿಕಟ್ಟೆಯಲ್ಲೇ ನಡೆಯಿತು. ಮೋಲ್ಡು ಒಡೆಯುವಂತಿಲ್ಲ, ಅದು ಸಂರಕ್ಷಣಾ ಕಾಮಗಾರಿ. ಹುಲ್ಲು ಬದಲಿಸುವಂತಿಲ್ಲ, ಅದು ಮೂಲ. ಕೊನೆಗೆ ಪದ್ಮಶ್ರೀ ಎಳನೀರು ಮುಗಿಸಿ ಪರಿಹಾರ ಸೂಚಿಸಿದರು: "ಮೋಲ್ಡಿನ ಮೇಲೆ ಸ್ಥಳೀಯ ಸಾಮಗ್ರಿಯ ಹೊದಿಕೆ ಹಾಕಬಹುದು. ಹುಲ್ಲು ಒಳ್ಳೇದು."

"ಹುಲ್ಲು ಸೋರಲ್ವಾ ಮೇಡಂ?" ಅಂದ ಚಲಪತಿ.

"ನೂರಾರು ವರ್ಷದಿಂದ ಸೋರಿಲ್ಲ, ನೋಡಿ," ಅಂತ ಆಯಮ್ಮ ಕೆಳಗಿನ ಗುಡಿಸಲು ತೋರಿಸಿದರು.

ಅಕ್ಕಯಮ್ಮ ಒಟ್ಟಿದ್ದ ಹುಲ್ಲನ್ನೇ ಎತ್ತಿಸಿ ಚಲಪತಿ ಘಟಕಕ್ಕೆ ಸರಬರಾಜು ಮಾಡಿದ. ಆಳೆತ್ತರಕ್ಕೆ ಬಿದಿರ ಗಳ ಕಟ್ಟಿ, ಇಳಿಜಾರು ಕೊಟ್ಟು, ಮೋಲ್ಡಿನ ಮೇಲೆ ಅಚ್ಚುಕಟ್ಟಾಗಿ ಹೊದಿಸಿದರು. ಮುಂದಿನ ಮಳೆಗೆ ಮೇಲೆಲ್ಲ ಒಣಗಿಕೊಂಡೇ ಇತ್ತು. ಪಿಲ್ಲರು ಎತ್ತರವಾದ್ದರಿಂದ ಕೆಳಗಿನ ಗುಡಿಸಲಿಗೆ ಮಾತ್ರ ನಾಲ್ಕೂ ಕಡೆಯಿಂದ ಎರಚಲು ಹೊಡೆಯಿತು. ಅಕ್ಕಯಮ್ಮ ಯಾರನ್ನೂ ಬೈಯಲಿಲ್ಲ. ಏಣಿ ಹಾಕಿ ಚಾಪೆ, ಒಲೆ, ಕೋಳಿ ಸಮೇತ ಮೋಲ್ಡಿನ ಮೇಲಕ್ಕೆ, ಹೊಸ ಸೂರಿನಡಿಗೆ ಹೋದಳು.

ಕಾಂತರಾಜು ಕತ್ತೆತ್ತಿ ಕೂಗಿದರು: "ಅಮ್ಮಾ, ಇಳೀರಿ! ಅಲ್ಲಿ ವಾಸ ಮಾಡಂಗಿಲ್ಲ!"

"ಸ್ಮಾರಕ ಕೆಳಗದೆ ಸ್ವಾಮಿ. ನಾನು ಮೇಲಿವ್ನಿ. ಬೋರ್ಡಲ್ಲಿ ಮೇಲಿಂದು ಬರ್ಸಿಲ್ವಲ್ಲ."

ಕಾಂತರಾಜು ಬೋರ್ಡು ಓದಿದರು. ಬರೆಸಿರಲಿಲ್ಲ.

ಪಂಚಾಯ್ತಿಯವರು ಏಣಿಗೆ ಮನೆ ನಂಬರು ಬಡಿದರು. ಈ ಸೀಮೆಯ ರೈತರು ಕೆಳಗೆ ಪರಂಪರೆ ಇಟ್ಟು ಮೇಲೆ ಸಂಸಾರ ಮಾಡುತ್ತಿದ್ದರು ಅಂತ ಪದ್ಮಶ್ರೀ ಪುಸ್ತಕ ಬರೆದರು. ಶಾಲೆ ಮಕ್ಕಳು ನೋಡಿಕೊಂಡು ಹೋಗಿ, ಅದನ್ನೇ ಪರೀಕ್ಷೆಯಲ್ಲಿ ಬರೆದು ಪಾಸಾದರು. ನಷ್ಟವಾಗಿದ್ದು ನನ್ನ ಹಸುವಿಗೆ, ಹೊಸ ಸೂರು ಅದಕ್ಕೆ ಎಟುಕಲಿಲ್ಲ.

ಈಗ ಮೇಲಿನ ಹುಲ್ಲಿಗೂ ಎರಡು ವರ್ಷ ತುಂಬಿದೆ. ಬದಲಿಸಬೇಕು ಅಂತ ಅಕ್ಕಯಮ್ಮ ಕೇಳಿದಳು. ಎರಡಂತಸ್ತಿನ ಗುಡಿಸಲನ್ನು ಹೋದ ತಿಂಗಳೇ ಸ್ಮಾರಕ ಅಂತ ಘೋಷಿಸಲಾಗಿದೆ, ಮೇಲಿನದೂ ಇನ್ನು ಮೂಲ ಹುಲ್ಲು ಅಂದರು ಕಾಂತರಾಜು. ಹೌದಲ್ವಾ ಮತ್ತೆ, ಅಂದೆವು ಊರಿನವರೆಲ್ಲ. ಚಲಪತಿ ಆಗಲೇ ಇನ್ನೂ ಎತ್ತರದ ಪಿಲ್ಲರುಗಳಿಗೆ ಗುಂಡಿ ತೋಡಿಸುತ್ತಿದ್ದ.

ಅಕ್ಕಯಮ್ಮ ಮೇಲಿಂದ ಬಗ್ಗಿ ನೋಡಿದಳು. ಬೈತಾಳೆ ಅಂತ ನಾವೆಲ್ಲ ಕೆಲಸ ಬಿಟ್ಟು ಕಾದು ನಿಂತೆವು.

"ಲೋ ಚಲಪತಿ, ಈ ಸಲ ಏಣಿ ನೀನೇ ಮಾಡ್ಸ್ಕೊಡಪ್ಪ," ಅಂದಳು. "ನಂದು ಅಲ್ಲೀಗಂಟ ಎಟುಕಲ್ಲ."